ಸಿಳ್ಳಾರದ ಕೆಳಗೆ ಬದಲಾಗುವ ನೆಲ

ಪಗ್ಗು, ಪಾಣೆಮಂಗಳೂರು

ತುಳುವರ ಪಗ್ಗು ತಿಂಗಳ ಸಂಜೆ ಪಾಣೆಮಂಗಳೂರಿನ ಹಳೆ ಸೇತುವೆಯ ಕೆಳಗೆ ನೇತ್ರಾವತಿ ಹರಿಯುವುದಿಲ್ಲ, ನಿಂತಿರುತ್ತದೆ. ಕೆಳಗಡೆ ತುಂಬೆಯಲ್ಲಿ ಅಣೆಕಟ್ಟು ಇರುವುದರಿಂದ ಸಜೀಪದ ಕಡೆಗೆಲ್ಲ ಹಿನ್ನೀರು. ಹೊತ್ತು ಇಳಿಯುವಾಗ ನೀರಿಗೆ ತಾಗಿದ ಗಾಳಿ ತಂಪಾಗಿ ಅದರ ಮೇಲಿನ ಗಾಳಿ ಬೆಚ್ಚಗೇ ಉಳಿದರೆ ಸದ್ದು ಮೇಲಕ್ಕೆ ಚದುರದೆ ನೀರಿನತ್ತ ಬಾಗುತ್ತದೆ. ಹಾಗಾಗಿ ಆಚೆ ದಡದ ಮದುವೆ ಹಾಲಿನ ಕೀಬೋರ್ಡು ಈಚೆ ದಡದ ಮಾವಿನಮರದ ಕೋಗಿಲೆಯಷ್ಟೇ ಸ್ಪಷ್ಟ.

ಗಂಡು ಕೋಗಿಲೆ ತನ್ನ ಕುಹೂವನ್ನು ಒಂದೇ ಎತ್ತರದಲ್ಲಿ ಹೇಳುವುದಿಲ್ಲ. ಪ್ರತಿ ಸಲ ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ ಮೇಲೆ. ಏಳೆಂಟು ಕೂಗಾಗುವಷ್ಟರಲ್ಲಿ ತುತ್ತತುದಿ ಮುಟ್ಟಿ ಥಟ್ಟನೆ ನಿಲ್ಲಿಸಿ ಮತ್ತೆ ಕೆಳಗಿನಿಂದ ಆರಂಭಿಸುತ್ತದೆ. ಅದೇ ಹೊತ್ತಿಗೆ ಆಚೆ ದಡದಲ್ಲಿ ಕೊಂಕಣಿ ಮದುವೆ ಹಾಡು ನಡೆದಿದ್ದರೆ ಕೋಗಿಲೆಯ ಏರುಗೆರೆಯ ಕೆಳಗೆ ಕೀಬೋರ್ಡಿನ ಸ್ವರಗುಚ್ಛಗಳು, ಅಂದರೆ ಕಾರ್ಡುಗಳು, ಒಂದೊಂದಾಗಿ ಬಂದು ಹೋಗುತ್ತವೆ. ಒಂದು ಕುಹೂ ಕಾರ್ಡಿನೊಳಗೆ ಸರಿಯಾಗಿ ಕೂರುತ್ತದೆ. ಮುಂದಿನದು ಅದರ ಅಂಚಿಗೆ ಉಜ್ಜುತ್ತದೆ. ಮೂರನೆಯದು ಬರುವಷ್ಟರಲ್ಲಿ ಕೆಳಗಿನ ಕಾರ್ಡೇ ಬದಲಾಗಿ ಕೂಗು ಮತ್ತೆ ಒಳಗೆ ಬಂದಿರುತ್ತದೆ. ಹಕ್ಕಿಗೆ ಇದರ ಗೊಡವೆಯಿಲ್ಲ. ಕೇಳುವ ನಮಗೆ ಮಾತ್ರ ಅದೇ ಕೂಗು ಬೇರೆ ಬೇರೆ ಮನಸ್ಸಿನಿಂದ ಹೊರಟಂತೆ ತೋರುತ್ತದೆ.

ಮೇಲಿನ ಸ್ವರ ಇದ್ದಲ್ಲೇ ಇದ್ದು ಕೆಳಗಿನ ನೆಲ ಬದಲಾದರೆ ಸ್ವರದ ಭಾವವೇ ಬೇರೆಯಾಗುತ್ತದೆ ಎಂಬುದನ್ನು ನಾನು ಗಮನಿಸತೊಡಗಿದ್ದು ಈ ದಡದಲ್ಲಿ. ಅಲ್ಲಿಂದೀಚೆಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಕ್ಕಿ, ಕಪ್ಪೆ, ಜೀರುಂಡೆಗಳ ಸದ್ದನ್ನು ಹೀಗೆಯೇ ಬರೆದಿಡುತ್ತ ಬಂದಿದ್ದೇನೆ: ಮೇಲೆ ಯಾವುದಿತ್ತು, ಕೆಳಗೆ ಯಾವುದಿತ್ತು, ಯಾವುದು ಕದಲಿತು, ಯಾವುದು ಉಳಿಯಿತು. ಕೀಬೋರ್ಡಿನ ಒಳಗಿರುವ ತಂತ್ರಾಂಶಕ್ಕೂ ಅದೇ ಪುಸ್ತಕದಲ್ಲಿ ಪುಟಗಳಿವೆ. ಅದೂ ಈ ಊರಿನ ಸದ್ದುಗಳಲ್ಲಿ ಒಂದು. ಅದನ್ನೂ ಕೂತು ನೋಡಿದರೆ ಅದರ ನಡವಳಿಕೆ ತಿಳಿಯುತ್ತದೆ.

ಮದುವೆ ಹಾಲಿನಲ್ಲಿ ಬಲಗೈ ಹಾಡನ್ನು ನುಡಿಸುತ್ತದೆ, ಎಡಗೈ ಕಾರ್ಡ್ ಒತ್ತುತ್ತದೆ, ಡ್ರಮ್ಸು, ಬೇಸು, ಗಿಟಾರುಗಳೆಲ್ಲ ಪೆಟ್ಟಿಗೆಯೊಳಗಿನಿಂದ ಬರುತ್ತವೆ. ಆ ಹಿಮ್ಮೇಳವನ್ನು ತಯಾರಕರು ಮೊದಲೇ ಒಂದೇ ಕಾರ್ಡಿನಲ್ಲಿ ದಾಖಲಿಸಿಟ್ಟಿರುತ್ತಾರೆ. ಯಮಹಾ ವಾದ್ಯಗಳಲ್ಲಿ ಸಾಮಾನ್ಯವಾಗಿ ಅದು ಸಿ ಮೇಜರ್ ಸೆವೆಂತ್, ನಮ್ಮ ಲೆಕ್ಕದಲ್ಲಿ ಸ ಗ ಪ ನಿ. ವಾದಕ ಬೇರೆ ಕಾರ್ಡ್ ಒತ್ತಿದ ಕೂಡಲೇ ಒಳಗಿನ ಕೋಷ್ಟಕವೊಂದು ಪ್ರತಿ ಸ್ವರವನ್ನೂ ಎಲ್ಲಿಗೆ ಸರಿಸಬೇಕೆಂದು ನೋಡಿ ಅಲ್ಲಿಗೆ ಸರಿಸುತ್ತದೆ. ಬೇಸಿಗೆ ಒಂದು ನಿಯಮ, ಗಿಟಾರಿಗೆ ಇನ್ನೊಂದು, ಡ್ರಮ್ಮಿಗೆ ಸರಿಯುವ ಕೆಲಸವೇ ಇಲ್ಲ. ಇಷ್ಟರಲ್ಲಿ ಕಾರ್ಡನ್ನು ಆರಿಸುವ ಕೆಲಸ ಇನ್ನೂ ಮನುಷ್ಯನದೇ.

ಅದನ್ನೂ ಯಂತ್ರಕ್ಕೆ ಬಿಡುವ ತಂತ್ರಾಂಶಗಳು ಬಂದು ಬಹಳ ಕಾಲವಾಯಿತು. ಕೆನಡಾದ ಪೀಟರ್ ಗ್ಯಾನನ್ 1990ರಲ್ಲಿ ಹೊರತಂದ ಬ್ಯಾಂಡ್-ಇನ್-ಎ-ಬಾಕ್ಸ್ ಇವುಗಳಲ್ಲಿ ಹೆಸರಾದದ್ದು. ಅದರಲ್ಲಿ ಹಾಡಿನ ಕಾರ್ಡುಗಳನ್ನು ಬರೆದುಕೊಟ್ಟರೆ ಹಿಮ್ಮೇಳ ಸಿದ್ಧ. ಮುಂದೆ ಬಂದ ಆವೃತ್ತಿಗಳಲ್ಲಿ, ಬರೆದ ಕಾರ್ಡಿನ ಬದಲಿಗೆ ಇನ್ನಾವುದು ಕೂರಬಹುದು ಎಂದು ಪಟ್ಟಿ ಕೊಡುವ, ಬೇಕೆಂದರೆ ತಾನೇ ಆರಿಸಿ ಹಾಕುವ ಸೌಲಭ್ಯವೂ ಸೇರಿತು. ಸ್ವರಸಾಲನ್ನಷ್ಟೇ ಕೊಟ್ಟು ಕಾರ್ಡುಗಳನ್ನು ಹೊಸದಾಗಿ ಹುಡುಕಿಸುವ ಇನ್ನೊಂದು ಸೌಲಭ್ಯವೂ ಉಂಟು.

ಈ ಬದಲಿಯ ಗುಟ್ಟು ಇರುವುದು ಉಳಿಕೆಯಲ್ಲಿ. ಸ ಗ ಪ ಎಂಬ ಕಾರ್ಡಿನ ಜಾಗಕ್ಕೆ ಧ ಸ ಗ ಬಂದರೆ ಮೂರರಲ್ಲಿ ಎರಡು ಸ್ವರ ಅವೇ. ಗ ಪ ನಿ ಬಂದರೂ ಅಷ್ಟೆ. ಮನೆ ಬದಲಾಗಿದೆ, ಮನೆಯೊಳಗಿನ ಇಬ್ಬರು ಅಲ್ಲೇ ಇದ್ದಾರೆ. ಜಾಝ್ ವಾದಕರು 1940ರ ದಶಕದಲ್ಲಿ ಬಹಳ ಬಳಕೆಗೆ ತಂದ ಬದಲಿ ಇದಕ್ಕಿಂತ ದಿಟ್ಟ. ಪ ನಿ ರಿ ಮ ಎಂಬ ಕಾರ್ಡು ಷಡ್ಜಕ್ಕೆ ಮರಳುವ ಮೊದಲು ಬರುವ ತವಕದ ಕಾರ್ಡು. ಆ ತವಕ ಇರುವುದು ನಿ ಮತ್ತು ಮ ಎಂಬ ಜೋಡಿಯಲ್ಲಿ. ಸಪ್ತಕದ ಹನ್ನೆರಡು ಮನೆಗಳಲ್ಲಿ ಇವೆರಡರ ನಡುವೆ ಆರು ಮನೆ, ಅಂದರೆ ಸರಿಯಾಗಿ ಅರ್ಧ. ಅರ್ಧವಾದದ್ದರಿಂದ ಇದೇ ಜೋಡಿ ಇನ್ನೊಂದೇ ಒಂದು ಅಂಥ ಕಾರ್ಡಿನಲ್ಲೂ ಸಿಗುತ್ತದೆ: ಶುದ್ಧ ರಿಷಭದ ಮೇಲೆ ಕಟ್ಟಿದ ರಿ ಮ ಧ ನಿ. ಅಲ್ಲಿನ ಧೈವತವೂ ಶುದ್ಧವೇ. ಪಂಚಮದ ಕಾರ್ಡನ್ನು ತೆಗೆದು ಇದನ್ನಿಟ್ಟರೆ ತವಕ ಹಾಗೇ ಉಳಿಯುತ್ತದೆ, ಬೇಸು ಮಾತ್ರ ಪಂಚಮದಿಂದ ಷಡ್ಜಕ್ಕೆ ನೆಗೆಯುವ ಬದಲು ಶುದ್ಧ ರಿಷಭದಿಂದ ಅರ್ಧ ಮೆಟ್ಟಿಲು ಜಾರಿ ಷಡ್ಜಕ್ಕೆ ಬರುತ್ತದೆ.

ಈಗ ಆ ಬದಲಿ ಕಾರ್ಡನ್ನೂ ಸ ಗ ಪ ಕಾರ್ಡನ್ನೂ ಒಟ್ಟಿಗೆ ಸೇರಿಸಿ ನೋಡಿ. ಸ, ಶುದ್ಧ ರಿ, ಅಂತರ ಗ, ಶುದ್ಧ ಮ, ಪ, ಶುದ್ಧ ಧ, ಕಾಕಲಿ ನಿ. ಇದು ಮಾಯಾಮಾಳವಗೌಳ, ಹದಿನೈದನೆಯ ಮೇಳ. ನಮ್ಮ ಮಕ್ಕಳು ಸರಳೆ ವರಸೆ ಕಲಿಯುವ ರಾಗ. ಮೇಲೆ ಹಾಡುವವರು ಶಂಕರಾಭರಣದಲ್ಲೇ ಇದ್ದಾರೆ, ಅವರ ಕೆಳಗೆ ಒಂದು ಕಾರ್ಡು ಬದಲಾದದ್ದರಿಂದ ಶುದ್ಧ ರಿಷಭ, ಶುದ್ಧ ಧೈವತಗಳು ಬಂದು ನೆಲವೆಲ್ಲ ಮಾಯಾಮಾಳವಗೌಳವಾಗಿದೆ. ನ್ಯೂಯಾರ್ಕಿನ ಜಾಝ್ ಕ್ಲಬ್ಬುಗಳ ಜಾಣತನಕ್ಕೂ ಪುರಂದರದಾಸರ ಹೆಸರಿನಲ್ಲಿ ನಡೆದುಬಂದ ಮೊದಲ ಪಾಠಕ್ಕೂ ನಡುವೆ ಇರುವುದು ಇಷ್ಟೇ ದೂರ ಎಂಬುದು ನನಗೆ ಇಂದಿಗೂ ದೊಡ್ಡ ಸಂತೋಷ.

ಸಜೀಪದತ್ತ ಮುಖ ಮಾಡಿ ಈ ಲೆಕ್ಕ ಹಾಕುವಾಗ ಕದ್ರಿ ಗೋಪಾಲನಾಥರು ನೆನಪಾಗಲೇಬೇಕು. ಅವರು 1949ರಲ್ಲಿ ಹುಟ್ಟಿದ್ದು ಈ ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ, ನಾಗಸ್ವರ ನುಡಿಸುವ ತಂದೆಯ ಮಗನಾಗಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನು ಮನಸ್ಸಿಗೆ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ನುಡಿಯಲು ಕಟ್ಟಿದ ಆ ವಾದ್ಯದಲ್ಲಿ ಗಮಕ ತಂದವರು. 1980ರ ಮುಂಬಯಿ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರೊಡನೆ ಕೂಡಿ ನುಡಿಸಿದರು. ಜಾಝ್ ಸ್ಯಾಕ್ಸೋಫೋನು ವಾದಕ ರುದ್ರೇಶ್ ಮಹಂತಪ್ಪ ಅವರೊಂದಿಗಿನ ಆಲ್ಬಮ್ ‘ಕಿನ್ಸ್‌ಮೆನ್’ 2008ರಲ್ಲಿ ಬಂತು. ಅದರಲ್ಲಿ ಎರಡು ಸ್ಯಾಕ್ಸೋಫೋನುಗಳಿವೆ: ಒಂದು ಕದಲದ ಷಡ್ಜವನ್ನು ನಂಬಿ ಬೆಳೆದದ್ದು, ಇನ್ನೊಂದು ಕದಲುವ ಕಾರ್ಡುಗಳ ಮೇಲೆ ನಡೆದು ಬೆಳೆದದ್ದು. ಗೋಪಾಲನಾಥರ ಪಾಲನ್ನು ಕೇಳುವಾಗ ನಾನು ಗಮನಿಸುವುದು ಒಂದೇ. ಸುತ್ತ ಏನು ನಡೆದರೂ ಅವರ ಉಸಿರು ಷಡ್ಜವನ್ನು ಬಿಟ್ಟುಕೊಡುವುದಿಲ್ಲ. ಪಕ್ಕದ ವಾದಕರು ಅದನ್ನು ಕಿವಿಯಿಂದ ಹಿಡಿದು ತಮ್ಮ ನೆಲವನ್ನು ಅದರ ಸುತ್ತ ಹಾಸುತ್ತಾರೆ.

ಬೇಶ, ದಿಡುಪೆ

ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸು, ಪತ್ತನಾಜೆ. ಯಕ್ಷಗಾನದ ಧರ್ಮಸ್ಥಳ ಮೇಳ, ಕಟೀಲಿನ ಮೇಳಗಳೆಲ್ಲ ಅಂದಿಗೆ ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನೇಮಗಳು ನಿಲ್ಲುತ್ತವೆ. ಮನುಷ್ಯರ ಸದ್ದಿಗೆ ಈ ಊರು ಹಾಕಿಕೊಂಡ ಗಡಿ ಅದು. ಕುದುರೆಮುಖ ಶ್ರೇಣಿಯ ಬುಡದಲ್ಲಿರುವ ದಿಡುಪೆಯಲ್ಲಿ ಕಾಡಿನ ಸದ್ದು ತಿರುಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ತೆಂಕುತಿಟ್ಟಿನ ಭಾಗವತರ ಹಿಂದೆ ಹಾರ್ಮೋನಿಯಂ ಒಂದೇ ಶ್ರುತಿ ಹಿಡಿದಿರುತ್ತದೆ. ರಾತ್ರಿಯಿಡೀ ರಾಗಗಳು ಬದಲಾಗುತ್ತವೆ, ನೆಲ ಕದಲದು. ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರ ಎತ್ತರದ ಶ್ರುತಿಯ ಪದ ಕೇಳಿದವರಿಗೆ ಆ ಕದಲದ ನೆಲ ಎಷ್ಟು ದೊಡ್ಡ ಬಲ ಎಂದು ಗೊತ್ತು. ಅವರು 2023ರಲ್ಲಿ ತೀರಿಕೊಂಡರು. ಕೀಬೋರ್ಡಿನ ಹಾಡಿನಲ್ಲಿ ಇದು ತಿರುವುಮುರುವು: ಹಾಡು ಅದೇ, ನೆಲ ಹೆಜ್ಜೆಹೆಜ್ಜೆಗೂ ಬೇರೆ. ಕಾಡು ಯಾವ ಕಡೆಗೆ? ಅದನ್ನು ತಿಳಿಯಲು ನಾನು ಒಂದೇ ಹಕ್ಕಿಯನ್ನು ಹಿಡಿದುಕೊಂಡೆ.

ಸಿಳ್ಳಾರ ನಮ್ಮ ಘಟ್ಟದ ಹೊಳೆಗಳ ಹಕ್ಕಿ. ಕಡುಗಪ್ಪು ಮೈ, ಹಣೆಯಲ್ಲೂ ಭುಜದಲ್ಲೂ ಹೊಳೆಯುವ ನೀಲಿ. ನೀರಿನ ಪಕ್ಕದ ಬಂಡೆಯ ಬಿರುಕಿನಲ್ಲಿ ಗೂಡು. ಗಂಡು ಬೆಳಕು ಹರಿಯುವ ಮೊದಲೇ ಹಾಡತೊಡಗುತ್ತದೆ. ಮನುಷ್ಯ ತನ್ನಷ್ಟಕ್ಕೇ ಸಿಳ್ಳೆ ಹಾಕಿಕೊಂಡು ಹೋಗುವುದಕ್ಕೂ ಅದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ, ಹೊಸಬರು ತಿರುಗಿ ನೋಡಿಯೇ ನೋಡುತ್ತಾರೆ. ಒಂದು ಸ್ವರದಲ್ಲಿ ನಿಂತು, ಇನ್ನೊಂದಕ್ಕೆ ಜಾರಿ, ಎಲ್ಲಿ ತಲುಪಿದೆ ಎಂದು ಗೊತ್ತಾಗುವ ಮೊದಲೇ ಮತ್ತೆಲ್ಲಿಗೋ ಹೊರಳುತ್ತದೆ. ನಿಲ್ಲುವ ಸ್ವರಗಳಿವೆ, ಆದರೆ ಅವುಗಳ ನಡುವಿನ ದಾರಿಯೇ ಹಾಡಿನ ಬಹುಪಾಲು.

ಪತ್ತನಾಜೆಗೆ ಮೊದಲು ಈ ಹಾಡಿನ ಜೊತೆಗಿರುವುದು ಜೀರುಂಡೆ. ಗಂಡು ಜೀರುಂಡೆಯ ಹೊಟ್ಟೆಯ ಇಬ್ಬದಿಗೆ ಗೀರುಗೀರಾದ ಪೊರೆಯಿದೆ. ಒಳಗಿನ ಸ್ನಾಯು ಎಳೆದಾಗ, ಡಬ್ಬಿಯ ಮುಚ್ಚಳ ಒತ್ತಿದರೆ ಟಕ್ ಎನ್ನುವಂತೆ, ಅದು ಒಳಬಾಗಿ ಸದ್ದು ಮಾಡುತ್ತದೆ, ಬಿಟ್ಟಾಗ ಮತ್ತೆ. ಸೆಕೆಂಡಿಗೆ ನೂರಾರು ಸಲ. ಹೊಟ್ಟೆ ಬಹುತೇಕ ಟೊಳ್ಳಾದದ್ದರಿಂದ ಸದ್ದು ಅಲ್ಲೇ ತುಂಬಿಕೊಂಡು ಹೊರಗೆ ಬರುತ್ತದೆ. ಪಿಯಾನೋದ ಬಲತುದಿಯ ಕೊನೆಯ ಮನೆ 4,186 ಹರ್ಟ್ಸ್. ಬಹಳಷ್ಟು ಜೀರುಂಡೆಗಳ ಸದ್ದಿನ ಹುರುಪು ಇರುವುದು ಅದಕ್ಕಿಂತಲೂ ಮೇಲೆ. ಹಾಗಾಗಿ ಬೇಶದ ಮೊದಲ ದಿನಗಳಲ್ಲಿ ಸಿಳ್ಳಾರದ ಹಾಡಿಗೆ ಮೇಲ್ಛಾವಣಿಯಿದೆ, ನೆಲವಿಲ್ಲ. ಹೊಳೆ ಬಡಕಲಾಗಿ ಕಲ್ಲುಗಳ ಸಂದಿನಲ್ಲಿ ಗುಳುಗುಳು ಎನ್ನುವಷ್ಟೇ.

ಹೊಳೆಯ ಆ ಸದ್ದಿಗೂ ಲೆಕ್ಕವುಂಟು. ನೀರು ಕಲ್ಲಿಗೆ ಬಡಿದದ್ದಕ್ಕಿಂತ ಹೆಚ್ಚಾಗಿ ನಮಗೆ ಕೇಳುವುದು ನೀರಿನೊಳಗೆ ಸಿಕ್ಕಿಬಿದ್ದ ಗಾಳಿಯ ಗುಳ್ಳೆಗಳ ನಾದ. ಮಾರ್ಸೆಲ್ ಮಿನ್ನಾರ್ಟ್ ಎಂಬ ಖಗೋಳ ವಿಜ್ಞಾನಿ 1933ರಲ್ಲಿ ಇದರ ಸೂತ್ರ ಕೊಟ್ಟರು. ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸುಮಾರು 3,260 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ, ಹತ್ತು ಪಟ್ಟು ದೊಡ್ಡದಾದರೆ ಸ್ವರ ಹತ್ತು ಪಟ್ಟು ಕೆಳಗೆ. ಬೇಶದ ಬಡಕಲು ಹೊಳೆಯ ಸಣ್ಣ ಗುಳ್ಳೆಗಳು ಎತ್ತರದಲ್ಲಿ ಗುನುಗುತ್ತವೆ. ಮಳೆ ಹಿಡಿದು ನೀರೇರಿದರೆ ದೊಡ್ಡ ಗುಳ್ಳೆಗಳು ಸೇರಿ ಸದ್ದು ಕೆಳಕ್ಕೆ ಹರಡುತ್ತದೆ.

ಅಂದರೆ ಕೆಲವೇ ದಿನಗಳಲ್ಲಿ ಮೇಲಿನ ಜೀರುಂಡೆ ತೆಳುವಾಗುತ್ತದೆ, ಕೆಳಗೆ ಹೊಳೆ ದಪ್ಪವಾಗುತ್ತದೆ. ನಡುವೆ ಸಿಳ್ಳಾರ ಅದೇ ಸಿಳ್ಳೆ ಹಾಕುತ್ತಿದೆ. ಜೀರುಂಡೆಯ ಕೆಳಗೆ ಅಲೆಮಾರಿಯಂತೆ ಕೇಳಿದ ಹಾಡು ಹೊಳೆಯ ಮೇಲೆ ಬಂದಾಗ ಊರಿ ನಿಂತಂತೆ ಕೇಳುತ್ತದೆ. ಕಾಡು ಮಾಡುವ ಬದಲಿ ಇದು. ಇಲ್ಲಿಯೂ ಎರಡು ನೆಲಗಳ ನಡುವೆ ಸಮಾನವಾಗಿ ಉಳಿಯುವ ಒಂದು ಪಟ್ಟಿಯಿದೆ, ಸಿಳ್ಳಾರದ ಸ್ವರಗಳು ಸಂಚರಿಸುವ ಖಾಲಿ ಪಟ್ಟಿ. ಜೀರುಂಡೆ ಅದರ ಮೇಲೆ, ಮಳೆಗಾಲದ ಹೊಳೆಯ ಭಾರ ಬಹುಮಟ್ಟಿಗೆ ಅದರ ಕೆಳಗೆ.

2019ರ ಆಗಸ್ಟಿನಲ್ಲಿ ಈ ಕಣಿವೆಗಳಿಗೆ ಬಂದ ನೆರೆ ಬಂಡೆ, ಮರಳು, ದಿಮ್ಮಿಗಳನ್ನು ಹೊಳೆಗಳಿಗೂ ಗದ್ದೆ ತೋಟಗಳಿಗೂ ತಂದು ಸುರಿಯಿತು. ತೋಟ ಕಳೆದುಕೊಂಡವರ ನಷ್ಟದ ಮುಂದೆ ಸದ್ದಿನ ಮಾತು ಸಣ್ಣದು. ಆದರೂ ಹೇಳಬೇಕು: ಹಳೆ ಗುಂಡಿಗಳು ಮುಚ್ಚಿ ನೀರು ಹೊಸ ಕಲ್ಲುಗಳ ಮೇಲೆ ಬೀಳತೊಡಗಿದ ಮೇಲೆ ಹೊಳೆಯ ಶ್ರುತಿ ಹಿಂದಿನದಾಗಿ ಉಳಿದಿಲ್ಲ.

ಕಾರ್ತೆಲ್, ಮೂಡುಬಿದಿರೆ

ಕಡಲಕೆರೆಯ ದಡದಲ್ಲಿ ಮೊದಲ ದೊಡ್ಡ ಮಳೆಯ ರಾತ್ರಿ ಕೇಳಬೇಕು. ಗೂಳಿಗಪ್ಪೆಯ ಗಂಡು ಹಳದಿ ಬಣ್ಣಕ್ಕೆ ತಿರುಗಿ, ಗಂಟಲಿನ ಇಬ್ಬದಿಗೆ ನೀಲಿ ಚೀಲ ಉಬ್ಬಿಸಿ ಕೂಗುತ್ತದೆ. ಅದು ಎಲ್ಲರಿಗಿಂತ ಕೆಳಗೆ. ಅದರ ಮೇಲೆ ಗದ್ದೆಗಪ್ಪೆಗಳು, ಇನ್ನೂ ಮೇಲೆ ಪೊದೆಗಪ್ಪೆಗಳ ಟಿಕ್ ಟಿಕ್. ಮುರಕಲ್ಲಿನ ಬಯಲಿನಿಂದ ಬರುವ ಸಣ್ಣಬಾಯಿ ಕಪ್ಪೆಗಳ ಕೂಗಂತೂ ಕೀಟದ್ದೆಂದೇ ಅನಿಸುತ್ತದೆ. ಮಣಿಪಾಲದ ಸುತ್ತಿನ ಮುರಕಲ್ಲಿನಲ್ಲಿ ಸಿಕ್ಕಿದ ಮೈಕ್ರೋಹೈಲಾ ಲ್ಯಾಟರೈಟ್ ಎಂಬ ಪುಟ್ಟ ಕಪ್ಪೆ ಲೋಕಕ್ಕೆ ಗೊತ್ತಾದದ್ದೇ 2016ರಲ್ಲಿ. ಕೂಗು ಚಿಮ್ಮಟೆಯದೆಂದು ದಾಟಿಹೋಗುವುದು ಸುಲಭ. ಮಂಗಳೂರಿನಲ್ಲಿ ಸಿಕ್ಕಿದ ಮೈಕ್ರೋಹೈಲಾ ಕೊಡಿಯಾಲ್ 2018ರದ್ದು. ನಮ್ಮ ಕಾಲಬುಡದ ಸದ್ದುಗಳ ಪಟ್ಟಿ ಇನ್ನೂ ಮುಗಿದಿಲ್ಲ.

ಒಂದೊಂದು ಜೀವಿ ತನ್ನ ಎತ್ತರದ ಪಟ್ಟಿಯನ್ನು ಹಂಚಿಕೊಂಡು ಹಾಡುತ್ತದೆ ಎಂಬ ವಾದವನ್ನು ಜನಪ್ರಿಯಗೊಳಿಸಿದ ಬರ್ನಿ ಕ್ರೌಸ್ ಮೊದಲು ಸಿಂಥಸೈಜರ್ ವಾದಕ. ಸ್ಟುಡಿಯೋದಲ್ಲಿ ಹಿಮ್ಮೇಳ ಕಟ್ಟುತ್ತಿದ್ದ ಕಿವಿ ಕಾಡಿಗೆ ಹೋಗಿ ಅಲ್ಲೂ ಹಿಮ್ಮೇಳವನ್ನೇ ಕೇಳಿತು. ವಾದ ಸುಂದರ, ಆದರೆ ಎಲ್ಲ ಕಡೆ ನಿಲ್ಲುವುದಿಲ್ಲ. ಅಮೆಜಾನ್ ಕಾಡಿನ ಹಕ್ಕಿಗಳ ಬಗ್ಗೆ 2014ರಲ್ಲಿ ಬಂದ ಅಧ್ಯಯನದಲ್ಲಿ, ಒಂದೇ ಬಗೆಯ ಹಾಡಿನವು ದೂರ ಸರಿಯುವ ಬದಲು ಒಂದೇ ಹೊತ್ತಿಗೆ ಹಾಡುವುದು ಕಂಡಿತು. ಪೈಪೋಟಿಯ ನೆರೆಯವನಿಗೆ ಉತ್ತರ ಕೊಡಬೇಕಾದರೆ ಅವನ ಪಟ್ಟಿಯಲ್ಲೇ ಕೊಡಬೇಕಲ್ಲ. ಕಡಲಕೆರೆಯಲ್ಲೂ ನನಗೆ ಕೇಳುವುದು ಎರಡೂ. ಬೇರೆ ಜಾತಿಗಳು ಎತ್ತರವನ್ನು ಹಂಚಿಕೊಂಡಂತಿವೆ. ಒಂದೇ ಜಾತಿಯ ನೆರೆಯವರು ಹಂಚಿಕೊಳ್ಳುವುದು ಕಾಲವನ್ನು.

ಹತ್ತಿರ ಹತ್ತಿರ ಕೂತ ಎರಡು ಗಂಡುಗಪ್ಪೆಗಳನ್ನು ಆರಿಸಿ ಗಮನ ಕೊಟ್ಟರೆ, ಒಂದರ ಕೂಗು ಮುಗಿದ ಸಂದಿನಲ್ಲಿ ಇನ್ನೊಂದರದ್ದು ಬೀಳುತ್ತದೆ. ಮೂರನೆಯದು ಸೇರಿದಾಗ ಸ್ವಲ್ಪ ಹೊತ್ತು ಗೊಂದಲ, ಆಮೇಲೆ ಹೊಸ ಸರದಿ. ಜಪಾನಿನಲ್ಲಿ ಇಕ್ಕ್ಯು ಐಹಾರ ಮತ್ತು ಸಂಗಡಿಗರು ಗದ್ದೆಯ ಮರಗಪ್ಪೆಗಳಲ್ಲಿ ಇದನ್ನು ಅಳೆದು, ಅದೇ ಸರದಿಯ ನಿಯಮವನ್ನು ನಿಸ್ತಂತು ಸಂವೇದಕಗಳ ಜಾಲಕ್ಕೆ ಅಳವಡಿಸಬಹುದೆಂದು ತೋರಿಸಿದ್ದಾರೆ. ಕಪ್ಪೆಗೆ ಕೋಷ್ಟಕವಿಲ್ಲ. ಅದು ಪಕ್ಕದವನನ್ನು ಕೇಳುತ್ತದೆ, ತಡೆಯುತ್ತದೆ, ಆಮೇಲೆ ಕೂಗುತ್ತದೆ. ಬದಲಿ ಕಾರ್ಡು ಕೊಡುವ ತಂತ್ರಾಂಶದಲ್ಲಿ ನನಗೆ ಕಾಣದೆ ಹೋದದ್ದು ಈ ತಡೆಯುವಿಕೆ.

ಮೂಡುಬಿದಿರೆಯಿಂದ ಕಾರ್ಕಳದ ಕಡೆಗೆ ಹೆದ್ದಾರಿ ಅಗಲವಾದ ಮೇಲೆ ಕೇಳುವ ಜಾಗಗಳು ಕಡಿಮೆಯಾಗಿವೆ. ಲಾರಿಯ ಸದ್ದು ಬಹುತೇಕ ಕೆಳಗಿನ ಪಟ್ಟಿಯದು. ನೆದರ್ಲ್ಯಾಂಡ್ಸಿನ ಲೈಡನ್ ನಗರದಲ್ಲಿ ಗದ್ದಲದ ಬೀದಿಗಳ ಚೇಕಡಿ ಹಕ್ಕಿಗಳು ತಮ್ಮ ಹಾಡಿನ ಕೆಳಗಿನ ಸ್ವರಗಳನ್ನು ಬಿಟ್ಟು ಮೇಲಕ್ಕೆ ಸರಿದಿರುವುದನ್ನು 2003ರಲ್ಲಿ ಅಳೆದು ತೋರಿಸಿದ್ದಾರೆ. ಮೇಲಕ್ಕೆ ಸರಿಯಬಲ್ಲವು ಸರಿಯುತ್ತವೆ. ಗೂಳಿಗಪ್ಪೆ ಎಲ್ಲಿಗೆ ಸರಿದೀತು? ಅದರ ಗಂಟಲು ಇರುವುದೇ ಕೆಳಗಿನ ಸ್ವರಕ್ಕೆ. ಹೆದ್ದಾರಿ ಹಾಸುವ ನೆಲದಲ್ಲಿ ಅದಕ್ಕೆ ಸಮಾನವಾಗಿ ಉಳಿಯುವ ಸ್ವರ ಒಂದೂ ಇಲ್ಲ. ಇದು ನನ್ನನ್ನು ಬಹಳ ಕಾಡುತ್ತದೆ.

ಚಾರ್ಮಾಡಿ ಘಾಟಿ ಹತ್ತಿದರೆ ಇದಕ್ಕೊಂದು ಬೇರೆಯೇ ಉತ್ತರ ಸಿಗುತ್ತದೆ. ಘಾಟಿಯ ನೆತ್ತಿಯಲ್ಲಿ, ಬಸ್ಸುಗಳು ನೀರುದೋಸೆಗೆ ನಿಲ್ಲುವ ಕೊಟ್ಟಿಗೆಹಾರ. ಬೆಂಗಳೂರು ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣ ರಾವ್ ಅವರು 1937ರಲ್ಲಿ ವಿವರಿಸಿದ ಕಪ್ಪೆಯೊಂದಕ್ಕೆ ಈ ಊರಿನದೇ ಹೆಸರು: ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಈ ಕುಲದ ಕಪ್ಪೆಗಳು ಹಗಲಿನಲ್ಲಿ ಭೋರ್ಗರೆವ ತೊರೆಯ ಬಂಡೆಗಳ ಮೇಲೆ ಕೂರುತ್ತವೆ. ಅಲ್ಲಿ ಹೊಳೆಯ ಸದ್ದು ಮೇಲಿನಿಂದ ಕೆಳಗಿನವರೆಗೆ ಎಲ್ಲ ಪಟ್ಟಿಯನ್ನೂ ತುಂಬಿರುತ್ತದೆ. ಗಂಡು ಸಣ್ಣಗೆ ಕೂಗುತ್ತದೆ, ಜೊತೆಗೆ ಹಿಂಗಾಲನ್ನು ನೀಳವಾಗಿ ಚಾಚಿ ಬೆರಳಿನ ಜಾಲ ಬಿಡಿಸಿ ತೋರಿಸುತ್ತದೆ. ಕಿವಿಗೆ ದಾರಿ ಮುಚ್ಚಿದಲ್ಲಿ ಕಣ್ಣಿಗೆ ಹೇಳುತ್ತದೆ. ಸ್ವರಕ್ಕೆ ಬದಲಾಗಿ ಸ್ವರವನ್ನಲ್ಲ, ಕಾಲನ್ನೇ ಇಟ್ಟ ಬದಲಿ ಇದು. ತಂತ್ರಾಂಶ ಕೊಡುವ ಬದಲಿಗಳ ಯಾವ ಪಟ್ಟಿಯಿಂದಲೂ ಇದು ಹೊರಡುವುದಿಲ್ಲ.

ಆಟಿ, ಮನೆಯಲ್ಲಿ

ಆಟಿಯ ಮಳೆಯಲ್ಲಿ ಕಾಡಿಗೆ ಹೋಗುವುದು ಕಡಿಮೆ. ದಿಡುಪೆಯ ಸಿಳ್ಳಾರದ ದಾಖಲೆಯನ್ನು ಕಂಪ್ಯೂಟರಿಗೆ ಹಾಕಿ, ಸ್ವರಗಳನ್ನು ಗುರುತಿಸಲು ಬಿಟ್ಟು, ಸಿಕ್ಕಿದ ಸ್ವರಸಾಲಿಗೆ ಕಾರ್ಡುಗಳನ್ನು ಹುಡುಕಿಸಿ ನೋಡಿದೆ. ತಂತ್ರಾಂಶದ ನಡವಳಿಕೆಯನ್ನು ನೋಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ತೋರಲಿಲ್ಲ. ಪರಿಚಿತ ಹಾಡು ಕೊಟ್ಟರೆ ಅದು ಕಲಿತ ಪಾಠ ಒಪ್ಪಿಸುತ್ತದೆ. ಅಪರಿಚಿತವಾದದ್ದನ್ನು ಕೊಟ್ಟಾಗ ಅದರ ಸ್ವಭಾವ ಹೊರಬರುತ್ತದೆ.

ಮೊದಲು ಅದು ಜಾರುವಿಕೆಯನ್ನೆಲ್ಲ ಅಳಿಸಿತು. ಸಪ್ತಕದಲ್ಲಿ ಹನ್ನೆರಡು ಮನೆಗಳು, ಹಕ್ಕಿ ಯಾವುದಕ್ಕೆ ಹತ್ತಿರವೋ ಅಲ್ಲಿಗೆ ಎಳೆದು ಕೂರಿಸಿತು. ಎರಡು ಮನೆಗಳ ನಡುವೆ ನಿಧಾನವಾಗಿ ಇಳಿದ ಒಂದು ಉದ್ದನೆಯ ಸಿಳ್ಳೆ ಮೂರು ಪ್ರತ್ಯೇಕ ಸ್ವರಗಳಾಗಿ ತೆರೆಯ ಮೇಲೆ ಬಂತು. ಆಮೇಲೆ ಕಾಲವನ್ನು ನಾಲ್ಕು ನಾಲ್ಕು ಎಣಿಕೆಗೆ ತುಂಡರಿಸಿ, ಹಕ್ಕಿ ಸುಮ್ಮನಿದ್ದ ತುಂಡುಗಳಿಗೂ ಸೇರಿಸಿ, ಪ್ರತಿ ತುಂಡಿಗೂ ಒಂದು ಕಾರ್ಡಿಟ್ಟಿತು. ಇಲ್ಲಿ ಕಾರ್ಡು ಬೇಡ ಎಂದು ಬರೆಯುವ ಚಿಹ್ನೆ ಇಂಥ ತಂತ್ರಾಂಶಗಳಲ್ಲಿ ಇದೆ. ಅದನ್ನು ನಾವೇ ಬರೆಯಬೇಕು. ಬದಲಿ ಕೊಡು ಎಂದಾಗಲೆಲ್ಲ ಅದೇ ಸಾಲಿಗೆ ಬೇರೆ ನೆಲ ಹಾಸಿತು. ಕೆಲವು ಚೆಂದವಿದ್ದವು, ಅದನ್ನು ಒಪ್ಪಿಕೊಳ್ಳಬೇಕು. ಒಂದರಲ್ಲಿ ಸಿಳ್ಳೆಯ ನಿಲುಗಡೆಯ ಸ್ವರ ಮೂರು ಕಾರ್ಡುಗಳಿಗೆ ಸಮಾನವಾಗಿತ್ತು. ಕೆಳಗೆ ಮೂರು ಸಲ ನೆಲ ತಿರುಗಿದರೂ ಸ್ವರ ಅಲುಗಲಿಲ್ಲ. ಪಾಣೆಮಂಗಳೂರಿನ ಕೋಗಿಲೆಗೆ ತಾನಾಗಿ ಒದಗಿದ್ದನ್ನು ಯಂತ್ರ ಲೆಕ್ಕದಿಂದ ತಂದಿತ್ತು.

ಅದು ಸಮಾನ ಸ್ವರಗಳನ್ನು ಎಣಿಸುತ್ತದೆ, ತಪ್ಪಿಲ್ಲದೆ ಎಣಿಸುತ್ತದೆ. ನೂರು ಕಾರ್ಡುಗಳಲ್ಲಿ ಯಾವುವು ಈ ಸ್ವರವನ್ನು ಹೊರಬಲ್ಲವು ಎಂಬುದನ್ನು ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತದೆ. ಸುಳಿವೇ ಇಲ್ಲದ ವಿದ್ಯಾರ್ಥಿಗೆ ಇದು ದೊಡ್ಡ ಪಾಠ, ನಾನೂ ಕಲಿತಿದ್ದೇನೆ. ಆದರೆ ಸಿಳ್ಳಾರ ನಿಂತದ್ದು ಏಕೆ ಎಂಬುದು ಅದಕ್ಕೆ ಬೇಡ. ದಾಖಲೆಯಲ್ಲಿ ಹಕ್ಕಿ ಸುಮ್ಮನಾದ ಕಡೆ ಕಿವಿಗೊಟ್ಟರೆ ಹೊಳೆಯಾಚೆಯಿಂದ ಇನ್ನೊಂದು ಸಿಳ್ಳಾರ ಬಹಳ ಸಣ್ಣಗೆ ಕೇಳುತ್ತದೆ. ನಮ್ಮ ಹಕ್ಕಿ ಅದನ್ನು ಕೇಳಲು ನಿಂತಿತ್ತು. ತಂತ್ರಾಂಶ ಅಷ್ಟೂ ಜಾಗವನ್ನು ಕಾರ್ಡಿನಿಂದ ತುಂಬಿತ್ತು.

ಸೋಣ

ಸೋಣದ ಬಿಸಿಲಿಗೆ ಚಾರ್ಮಾಡಿಯ ಬುಡದ ಕಾಡಿನಲ್ಲಿ ಹಕ್ಕಿಗಳ ಮಿಶ್ರ ತಂಡಗಳು ಮತ್ತೆ ಓಡಾಡುತ್ತವೆ, ಅವುಗಳೊಡನೆ ಭೀಮರಾಜ. ಬಾಲದ ತುದಿಯ ಎರಡು ಗರಿಬಿಲ್ಲೆ ತೇಲಿಸುತ್ತ ಹಾರುವ ಈ ಕರಿಹಕ್ಕಿ ಅನುಕರಣೆಯಲ್ಲಿ ನಿಪುಣ. ಶ್ರೀಲಂಕಾದ ಸಿಂಹರಾಜ ಕಾಡಿನಲ್ಲಿ ಗುಡೇಲ್ ಮತ್ತು ಕೊಟಗಮ ಇದನ್ನು ವರ್ಷಗಟ್ಟಲೆ ಗಮನಿಸಿದರು. ಅಪಾಯದ ಹೊತ್ತಿಗೆ ಭೀಮರಾಜ ತನ್ನ ಕೂಗಿನೊಳಗೆ ಬೇರೆ ಜಾತಿಗಳ ಎಚ್ಚರಿಕೆಯ ಕೂಗನ್ನು ಸೇರಿಸುತ್ತದೆ, ತಂಡದ ಹಕ್ಕಿಗಳ ಹಾಡನ್ನು ಹಾಡಿದರೆ ಅವು ಹತ್ತಿರ ಬರುತ್ತವೆ. ತನ್ನ ಸ್ವರದ ಜಾಗಕ್ಕೆ ಇನ್ನೊಬ್ಬರ ಸ್ವರವನ್ನು ತರುವ ಈ ಹಕ್ಕಿ ಅದನ್ನು ಎಲ್ಲೆಂದರಲ್ಲಿ ಮಾಡುವುದಿಲ್ಲ. ಎದುರಿಗೆ ಯಾರಿದ್ದಾರೆ, ಏನು ಬಂದಿದೆ ಎಂದು ನೋಡಿ ಮಾಡುತ್ತದೆ. ಬದಲಿ ಎಂದರೆ ನನ್ನ ಮನಸ್ಸಿಗೆ ಮೊದಲು ಬರುವ ಗುರು ಇದು.

ಸೋಣದಲ್ಲೇ ಸೆಪ್ಟೆಂಬರ್ 8ರಂದು ಮೊಂತಿ ಫೆಸ್ತ್. ಬಂಟ್ವಾಳ, ಬೆಳ್ತಂಗಡಿ ಕಡೆಯ ಇಗರ್ಜಿಗಳಲ್ಲಿ ಮಕ್ಕಳು ಹೂ ತಂದು ಮೇರಿ ಮಾತೆಗೆ ಅರ್ಪಿಸುವ ನೊವೆನದ ದಿನಗಳು, ಹೊಸ ತೆನೆಯ ಹಬ್ಬ. ಗಾಯನ ತಂಡದ ಅಭ್ಯಾಸಕ್ಕೆ ಕೂತು ಕೇಳಿದ್ದನ್ನು ಬರೆದಿಡುತ್ತೇನೆ. ಹಾಡು ಶಂಕರಾಭರಣದ ಸ್ವರಗಳಲ್ಲಿತ್ತು. ಕೀಬೋರ್ಡು ನುಡಿಸುವವರು ತಂತ್ರಾಂಶ ಸೂಚಿಸಿದ ಬದಲಿಗಳನ್ನು ಕಾಗದದಲ್ಲಿ ಗುರುತು ಮಾಡಿ ತಂದಿದ್ದರು. ಅದರಲ್ಲಿ ಶುದ್ಧ ರಿಷಭದ ಆ ಕಾರ್ಡು ಹಲವು ಕಡೆ ಇತ್ತು. ಮೊದಲ ಜಾಗದಲ್ಲಿ ನುಡಿಸಿದಾಗ ಮಕ್ಕಳ ಹಾಡು ಚತುಶ್ರುತಿ ರಿಷಭದ ಮೇಲೆ ನಿಂತಿತ್ತು. ಕೆಳಗೆ ಶುದ್ಧ ರಿಷಭ, ಮೇಲೆ ಚತುಶ್ರುತಿ ರಿಷಭ, ಅರ್ಧ ಮೆಟ್ಟಿಲಿನ ಉಜ್ಜಾಟ. ಮಕ್ಕಳ ಸ್ವರ ತಾನಾಗಿ ಕೆಳಕ್ಕೆ ಜಾರಿತು. ವಾದಕರು ಕೈಯೆತ್ತಿ ಆ ಗುರುತನ್ನು ಹೊಡೆದು ಹಾಕಿದರು. ಎರಡನೆಯ ಜಾಗದಲ್ಲಿ ಹಾಡು ಪಂಚಮದಲ್ಲಿತ್ತು. ಜಾಝ್ ಕಿವಿಗೆ ಅದು ಒಪ್ಪುತ್ತದೆ, ಹೂ ಹಿಡಿದ ಮಕ್ಕಳಿಗೆ ಬೇಡವೆಂದು ಅದನ್ನೂ ತೆಗೆದರು.

ಕೊನೆಯ ಚರಣದ ಮುಕ್ತಾಯಕ್ಕೆ ಮೊದಲು, ಮಕ್ಕಳು ನಿಷಾದದಲ್ಲಿ ಉಸಿರು ಹಿಡಿದು ನಿಲ್ಲುತ್ತಾರೆ. ಅದೇ ಹೊತ್ತಿಗೆ ಹೆಂಗಸರ ಎರಡನೆಯ ಸಾಲು ಮಧ್ಯಮದಲ್ಲಿರುತ್ತದೆ. ನಿ ಮತ್ತು ಮ, ಎರಡೂ ಕಾರ್ಡುಗಳಿಗೆ ಸಮಾನವಾದ ಜೋಡಿ. ಅಲ್ಲಿ ವಾದಕರು ಕಾರ್ಡನ್ನು ತಕ್ಷಣ ಬದಲಿಸಲಿಲ್ಲ. ಮೊದಲು ಪಂಚಮದ ಕಾರ್ಡನ್ನೇ ಒತ್ತಿ, ಮಕ್ಕಳ ನಿಷಾದ ಗಟ್ಟಿಯಾಗಿ ನಿಂತಿತೆಂದು ಕೇಳಿಸಿಕೊಂಡು, ಆಮೇಲೆ ಎಡಗೈಯನ್ನು ಶುದ್ಧ ರಿಷಭಕ್ಕೆ ಸರಿಸಿದರು. ಸ್ವರ ಜಾರಲಿಲ್ಲ. ಮೂರೂ ಸಾಲುಗಳು ಒಟ್ಟಿಗೆ ಇಳಿದು ಏರಿ ಮನೆ ಸೇರಿದವು: ಬೇಸು ರಿಷಭದಿಂದ ಷಡ್ಜಕ್ಕೆ, ಹೆಂಗಸರು ಮಧ್ಯಮದಿಂದ ಗಾಂಧಾರಕ್ಕೆ, ಮಕ್ಕಳು ನಿಷಾದದಿಂದ ಮೇಲಿನ ಷಡ್ಜಕ್ಕೆ. ಹಬ್ಬದ ದಿನದ ಕಾಗದದಲ್ಲಿ ಆ ಒಂದೇ ಗುರುತನ್ನು ಉಳಿಸಿಕೊಂಡರು. ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ, ಮಕ್ಕಳು ನಿಂತ ಮೇಲೆ, ಎಂದು ಬರೆದರು.